ಐವತ್ತರವರೆಗೂ ಹೇಳೋ ಮಗು ಐದು ತಟ್ಟೆ ತರಲಿಲ್ಲ: ಅಂಗನವಾಡಿಲಿ ಎಣಿಕೆ ಕಲಿಸಿದ ನನ್ನ ಅನುಭವ

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಲಿ ಅಂಗನವಾಡಿ ಕಾರ್ಯಕರ್ತೆ, ಹದಿನಾರು ವರ್ಷ ಆಯ್ತು. ಮೂರರಿಂದ ಆರು ವರ್ಷದ ಮಕ್ಕಳು, ದಿನಾ ಹದಿನೈದರಿಂದ ಇಪ್ಪತ್ತು ಜನ ಬರ್ತಾರೆ, ಎಲ್ಲರೂ ಒಂದೇ ರೂಮಲ್ಲಿ. ಮೊದಲ ಏಳೆಂಟು ವರ್ಷ ನಾನೂ ಎಲ್ಲರ ಹಾಗೆ ಬೆಳಗ್ಗೆ ಪ್ರಾರ್ಥನೆ ಆದ್ಮೇಲೆ ಸಾಲಾಗಿ ಕೂರಿಸಿ ಒಂದು ಎರಡು ಮೂರು ಅಂತ ಜೋರಾಗಿ ಹೇಳಿಸ್ತಿದ್ದೆ, ಮಕ್ಕಳೂ ಖುಷಿಯಿಂದ ಕೂಗ್ತಿದ್ರು, ಅಪ್ಪ ಅಮ್ಮ ಬಾಗಿಲಲ್ಲಿ ನಿಂತು ಕೇಳಿ ಹೆಮ್ಮೆ ಪಡ್ತಿದ್ರು, ಕಲಿಸಿದೀನಿ ಅಂತಾನೇ ನಾನೂ ಅಂದ್ಕೊಂಡಿದ್ದೆ.

ಒಂದಿನ ಮಧ್ಯಾಹ್ನ ಊಟಕ್ಕೆ ಕೂರಿಸ್ತಾ ಇದ್ವಿ, ಸಹಾಯಕಿ ರಜ. ಐದು ವರ್ಷದ ಒಂದು ಹುಡುಗಿ ಇದ್ಲು, ಐವತ್ತರವರೆಗೂ ತಪ್ಪಿಲ್ಲದೆ ಹೇಳೋಳು. ಅವಳಿಗೆ "ಚಿನ್ನಾ, ಒಳಗಿಂದ ಐದು ತಟ್ಟೆ ತಗೊಂಬಾ" ಅಂದೆ. ಹೋದ್ಲು, ಎರಡೂ ಕೈಲಿ ಎಷ್ಟು ಹಿಡಿಸುತ್ತೋ ಅಷ್ಟು ಎದೆಗವಚಿಕೊಂಡು ಬಂದ್ಲು. "ಐದು ಇದ್ಯಾ ಪುಟ್ಟಾ?" "ಹೂಂ ಮಿಸ್". "ಎಲ್ಲಿ ಎಣಿಸು ನೋಡೋಣ" ಅಂದೆ. ತಟ್ಟೆ ನೆಲದ ಮೇಲೆ ಹರಡಿಕೊಂಡು ಬೆರಳಿಟ್ಟು ಶುರು ಮಾಡಿದ್ಲು, ಬಾಯಿ ಓಡ್ತಾ ಇದೆ, ಬೆರಳು ನಿಧಾನಕ್ಕೆ ಹೋಗ್ತಾ ಇದೆ, ಒಂದು ತಟ್ಟೆ ಮೇಲೆ ಎರಡೆರಡು ಸಂಖ್ಯೆ ಹೇಳ್ತಾಳೆ, ಮಧ್ಯದ ಒಂದನ್ನ ಬಿಟ್ಟೇ ಬಿಟ್ಲು. ಇದ್ದಿದ್ದು ಒಂಬತ್ತು ತಟ್ಟೆ, ಅವಳು ಹದಿನಾಲ್ಕಕ್ಕೆ ಮುಗಿಸಿದ್ಲು. "ಹಾಗಾದ್ರೆ ಒಟ್ಟು ಎಷ್ಟಿದೆ?" ಅಂದ್ರೆ ನನ್ನ ಮುಖ ನೋಡಿ ಮತ್ತೆ ಒಂದು, ಎರಡು, ಮೂರು ಅಂತ ಮೊದಲಿಂದ ಶುರು. ಅವಳ ಪಾಲಿಗೆ "ಎಷ್ಟು" ಅಂದ್ರೆ ಹಾಡು ಹೇಳು ಅಂತ ಅರ್ಥ. ನಾನೇ ಹಾಗೆ ಕಲಿಸಿದ್ದೆ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ ನಿಜ ಹೇಳ್ತೀನಿ. ಅವತ್ತಿಂದ ನಾನು ಮಾಡಿದ ದೊಡ್ಡ ಬದಲಾವಣೆ ಒಂದೇ, "ಹೇಳು" ಅನ್ನೋದು ಬಿಟ್ಟು "ಕೊಡು" ಅನ್ನೋಕೆ ಶುರು ಮಾಡಿದೆ. ಮೂರು ಹೇಳು ಅಲ್ಲ, ಮೂರು ಕೊಡು. ಮಗು ಮೂರು ಎತ್ತಿ ಅಲ್ಲಿಗೇ ಕೈ ನಿಲ್ಲಿಸಿದ್ರೆ ಅದಕ್ಕೆ ಮೂರು ಬಂದಿದೆ ಅಂತ ಲೆಕ್ಕ, ನಿಲ್ಲಿಸದೆ ಹಿಡಿಗಟ್ಟಲೆ ಕೊಟ್ರೆ ಬಾಯಲ್ಲಿ ನೂರು ಇದ್ರೂ ಕೈಗಿನ್ನೂ ಮೂರು ಬಂದಿಲ್ಲ. ಬಹಳ ಮಕ್ಕಳಿಗೆ ಒಂದು, ಎರಡು ಬೇಗ ಬರುತ್ತೆ, ಎರಡರಿಂದ ಮೂರಕ್ಕೆ ಹೋಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ನಾಲ್ಕಕ್ಕೆ ಇನ್ನೂ ಸ್ವಲ್ಪ, ಆಮೇಲೆ ಒಂದಿನ ಇದ್ದಕ್ಕಿದ್ದ ಹಾಗೆ ಐದೂ ಬರುತ್ತೆ ಏಳೂ ಬರುತ್ತೆ. ಆ ತಿಂಗಳುಗಳಲ್ಲಿ ಅವಸರ ಮಾಡಬಾರದು, ಇದು ಬಹಳ ಮುಖ್ಯ.

ಸಾಮಾನು ಬಗ್ಗೆ ಹೇಳಬೇಕು. ಮೊದಲು ಹುಣಸೆಬೀಜ ಇಟ್ಟಿದ್ದೆ, ನಮ್ಮ ಕಡೆ ಎಲ್ಲರ ಮನೇಲೂ ಸಿಗುತ್ತೆ ಅಂತ. ಮೂರು ವರ್ಷದ ಒಂದು ಮಗು ಮೂಗಿಗೆ ಹಾಕ್ಕೊಂಡುಬಿಡ್ತು. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ತೆಗೆಸೋವರೆಗೂ ನನ್ನ ಜೀವ ನನ್ನ ಕೈಲಿ ಇರಲಿಲ್ಲ. ಅದಾದ್ಮೇಲೆ ಸಣ್ಣೋರಿಗೆ ಸೋಡಾ ಬಾಟಲಿ ಮುಚ್ಚಳ, ತೆಂಗಿನ ಚಿಪ್ಪು, ಬಳಪದ ಖಾಲಿ ಡಬ್ಬ, ಇಂಥದ್ದೇ, ಬೀಜ ಏನಿದ್ರೂ ಐದು ದಾಟಿದೋರಿಗೆ ಮಾತ್ರ, ಅದೂ ನಾನು ಪಕ್ಕದಲ್ಲಿ ಕೂತಿದ್ದಾಗ. ಇನ್ನೊಂದು, ಗುಲಗಂಜಿ ನೋಡೋಕೆ ಕೆಂಪಗೆ ಕಪ್ಪಗೆ ಬಹಳ ಚೆಂದ, ಎಣಿಸೋಕೆ ಚೆನ್ನಾಗಿರುತ್ತೆ ಅನ್ಸುತ್ತೆ, ಆದ್ರೆ ಅದು ವಿಷ, ಹರಳು ಬೀಜಾನೂ ಅಷ್ಟೇ. ದಯವಿಟ್ಟು ಮಕ್ಕಳ ಕೈಗೆ ಎರಡನ್ನೂ ಕೊಡಬೇಡಿ.

ಬೆಳಗ್ಗೆ ಬಂದ ತಕ್ಷಣ ಪ್ರತಿ ಮಗು ಬಾಗಿಲ ಹತ್ರ ಇರೋ ಡಬ್ಬಕ್ಕೆ ಒಂದು ಮುಚ್ಚಳ ಹಾಕಿ ಒಳಗೆ ಬರಬೇಕು, ಇದು ನಮ್ಮ ಹಾಜರಿ. ಎಲ್ಲರೂ ಬಂದ್ಮೇಲೆ ಮುಚ್ಚಳ ಸುರಿದು ಸಾಲಾಗಿ ಜೋಡಿಸ್ತೀವಿ, ಒಂದೊಂದನ್ನೂ ಮುಟ್ಟಿ ಪಕ್ಕಕ್ಕೆ ಸರಿಸ್ತಾ ಎಣಿಸ್ತೀವಿ. ಸರಿಸೋದು ಅನ್ನೋದೇ ಇಲ್ಲಿ ಗುಟ್ಟು ನೋಡಿ, ಬರೀ ಬೆರಳು ತೋರಿಸಿ ಎಣಿಸಿದ್ರೆ ಎಣಿಸಿದ್ದು ಯಾವುದು ಬಿಟ್ಟಿದ್ದು ಯಾವುದು ಮಗುಗೆ ಗೊತ್ತಾಗಲ್ಲ, ಸರಿಸಿದ್ರೆ ಈ ಕಡೆದು ಆಯ್ತು ಆ ಕಡೆದು ಬಾಕಿ ಅಂತ ಕಣ್ಣಿಗೇ ಕಾಣುತ್ತೆ. ಕೊನೆ ಮುಚ್ಚಳಕ್ಕೆ ಬಂದಾಗ ನಾನು ಆ ಸಂಖ್ಯೇನ ಸ್ವಲ್ಪ ಎಳೆದು ಹೇಳ್ತೀನಿ, "ಹದಿನಾರೂ..." ಅಂತ, ಹೇಳಿ ಎರಡೂ ಕೈಯಿಂದ ಇಡೀ ರಾಶಿ ಬಳಸಿ "ಒಟ್ಟು ಹದಿನಾರು" ಅಂತೀನಿ. ಕೊನೆಗೆ ಹೇಳಿದ ಸಂಖ್ಯೆ ಆ ಕೊನೇ ಮುಚ್ಚಳದ ಹೆಸರಲ್ಲ, ಎಲ್ಲಾ ಸೇರಿದ್ದರ ಲೆಕ್ಕ ಅನ್ನೋದು ದೊಡ್ಡೋರಿಗೆ ಸಲೀಸು, ಮಗುಗೆ ಅದು ದೊಡ್ಡ ವಿಷಯ. ಆಮೇಲೆ ಅವೇ ಮುಚ್ಚಳಗಳನ್ನ ಅಗಲವಾಗಿ ಹರಡಿ "ಈಗ ಜಾಸ್ತಿ ಆಯ್ತಾ?" ಅಂತ ಕೇಳ್ತೀನಿ, ನಾಲ್ಕು ವರ್ಷದೋರು ಬಹುತೇಕ ಹೌದು ಅಂತಾರೆ. ತಪ್ಪು ಅಂತ ಹೇಳಲ್ಲ, "ನೋಡೋಣ ಬಾ" ಅಂತ ಮತ್ತೆ ಎಣಿಸ್ತೀವಿ ಅಷ್ಟೇ.

ಇಲ್ಲೇ ಕನ್ನಡದ್ದು ಒಂದು ಸೊಗಸು ಇದೆ, ವಸ್ತು ಆದ್ರೆ ಒಂದು ಎರಡು ಅಂತೀವಿ, ಮನುಷ್ಯರಾದ್ರೆ ಒಬ್ರು, ಇಬ್ರು ಅಂತೀವಿ. ಮುಚ್ಚಳ ಎರಡು, ಮಕ್ಕಳು ಇಬ್ರು. ಹಾಗಾಗಿ "ನಿಮ್ಮನೇಲಿ ಎಷ್ಟು ಜನ?" ಅಂದ್ರೆ "ಎರಡು ಅಣ್ಣ" ಅಂತ ಹೇಳೋ ಮಕ್ಕಳು ಇರ್ತಾರೆ, ಅದಕ್ಕೆ ತಿದ್ದಬೇಡಿ, ಲೆಕ್ಕ ಸರಿ ಇದ್ಯಲ್ಲ, "ಓ ಇಬ್ರು ಅಣ್ಣಂದ್ರಾ?" ಅಂತ ನಾವು ವಾಪಸ್ ಹೇಳಿದ್ರೆ ಸಾಕು, ಮಾತು ತಾನಾಗೇ ಹತ್ತುತ್ತೆ.

ನನಗೆ ಅತೀ ಹೆಚ್ಚು ಉಪಯೋಗ ಆಗಿದ್ದು ಮೊಟ್ಟೆ ಟ್ರೇ. ಮಕ್ಕಳಿಗೆ ಮೊಟ್ಟೆ ಕೊಡೋ ದಿನ ಬರುತ್ತಲ್ಲ ಆ ರಟ್ಟಿನ ಟ್ರೇ, ಉದ್ದಕ್ಕೆ ಆರು ಅಡ್ಡಕ್ಕೆ ಐದು, ಒಟ್ಟು ಮೂವತ್ತು ಗುಳಿ. ಅದನ್ನ ಎರಡೆರಡು ಸಾಲಿಗೆ ಕತ್ತರಿಸಿದ್ರೆ ಸರಿಯಾಗಿ ಮೂರು ತುಂಡು, ಒಂದೊಂದರಲ್ಲಿ ಮೇಲೆ ಐದು ಕೆಳಗೆ ಐದು, ಹತ್ತು ಗುಳಿ. ಒಡೆದ ಮೊಟ್ಟೆ ಅಂಟಿದ ಟ್ರೇ ಬೇಡ, ಚೆನ್ನಾಗಿರೋದನ್ನ ಆರಿಸಿ ಎರಡು ದಿನ ಬಿಸಿಲಿಗೆ ಒಣಗಿಸಿ. ಮೇಲಿನ ಸಾಲು ತುಂಬಿದ್ರೆ ಐದು ಅಂತ ಒಂದು ಸಲ ಗೊತ್ತಾದ್ರೆ ಆಮೇಲೆ ಮಗು ಆರನ್ನ ಒಂದರಿಂದ ಎಣಿಸಲ್ಲ, ಮೇಲೆ ಪೂರ್ತಿ ಕೆಳಗೆ ಒಂದು, ಆರು. ಎಂಟು ಹಾಕಿದಾಗ "ಇನ್ನೆರಡು ಖಾಲಿ ಐತೆ ಮಿಸ್" ಅಂತ ಒಬ್ಬ ಹುಡುಗ ತಾನಾಗೇ ಹೇಳಿದ, ನಾನು ಕೇಳಿರಲೇ ಇಲ್ಲ. ಎಂಟಕ್ಕೆ ಎರಡು ಸೇರಿದ್ರೆ ಹತ್ತು ಅನ್ನೋದನ್ನ ಒಂದನೇ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆದು ಕಲಿಸೋ ಬದಲು ಇಲ್ಲೇ ಖಾಲಿ ಗುಳಿಯಲ್ಲಿ ಕಂಡುಬಿಟ್ಟ. ಏನೂ ಹಾಕದ ತುಂಡು ತೋರಿಸಿ "ಇದರಲ್ಲಿ ಎಷ್ಟು?" ಅಂದ್ರೆ "ಏನಿಲ್ಲ" ಅಂತಾರೆ, ಅದೇ ಸೊನ್ನೆ ಅಂತ ಆಗಲೇ ಹೆಸರು ಹೇಳ್ತೀನಿ.

ಹನ್ನೊಂದರಿಂದ ಮುಂದಕ್ಕೂ ಇದೇ ಟ್ರೇ. ಒಂದು ತುಂಡು ತುಂಬಿ ಇನ್ನೊಂದರಲ್ಲಿ ಒಂದು ಹಾಕಿದ್ರೆ ಹತ್ತೂ ಒಂದೂ, ಹನ್ನೊಂದು. ಕನ್ನಡದಲ್ಲಿ ಹನ್ನೊಂದು, ಹದಿಮೂರು, ಹದಿನೇಳು ಎಲ್ಲದರಲ್ಲೂ ಮುಂದೆ ಹತ್ತು ಅಡಗಿ ಕೂತಿದೆ ನೋಡಿ, ಕಿವಿಗೆ ಬೇಗ ಗೊತ್ತಾಗಲ್ಲ, ಕಣ್ಣಿಗೆ ತೋರಿಸಿದ್ರೆ ಗೊತ್ತಾಗುತ್ತೆ. ಇಪ್ಪತ್ತೊಂಬತ್ತು ಆದ್ಮೇಲೆ "ಇಪ್ಪತ್ಹತ್ತು" ಅನ್ನೋ ಮಗು ನಿಮ್ಮ ಹತ್ರಾನೂ ಇರುತ್ತೆ. ಮೊದಲು ನಾನು ಬೈತಿದ್ದೆ, ಈಗ ಆ ಮಾತು ಕೇಳಿದ್ರೆ ಖುಷಿ ಆಗುತ್ತೆ, ಯಾಕಂದ್ರೆ ಆ ಮಗು ಗಿಣಿಪಾಠ ಒಪ್ಪಿಸ್ತಿಲ್ಲ, ಲೆಕ್ಕದ ದಾರಿ ಹಿಡಿದು ತಾನೇ ಮುಂದೆ ಹೋಗ್ತಿದೆ. ಮೂರನೇ ತುಂಡನ್ನೂ ತುಂಬಿ ಮೂರು ಹತ್ತು, ಮೂವತ್ತು ಅಂತ ಇಡೀ ಟ್ರೇ ಸೇರಿಸಿ ತೋರಿಸ್ತೀನಿ. ಇನ್ನೊಂದು ತಪ್ಪು "ಏಳು ಎಂಟು ಎಂಬತ್ತು ಹತ್ತು" ಅನ್ನೋದು. ಒಂಬತ್ತು, ಎಂಬತ್ತು, ತೊಂಬತ್ತು ಕಿವಿಗೆ ಒಂದೇ ಥರ. ನೂರರವರೆಗೆ ಬಾಯಿಪಾಠ ಮಾಡಿಸಿದ ಮಕ್ಕಳಲ್ಲೇ ನಾನು ಇದನ್ನ ಜಾಸ್ತಿ ನೋಡಿರೋದು.

ಆಟ ಅಂದ್ರೆ ಚೌಕಾಬಾರಕ್ಕಿಂತ ಒಳ್ಳೇದು ನನಗೆ ಕಂಡಿಲ್ಲ. ಕವಡೆ ಇಲ್ಲದಿದ್ರೆ ಹುಣಸೆಬೀಜಾನ ಕಲ್ಲಿನ ಮೇಲೆ ಒಂದು ಕಡೆ ಬಿಳಿ ಬರೋವರೆಗೂ ತೇಯ್ದು ನಾಲ್ಕು ಮಾಡ್ಕೊಳ್ಳಿ. ಬಿಳಿ ಮೇಲಾಗಿ ಬಿದ್ದಷ್ಟು ಮನೆ ನಡೆಸಬೇಕು. ನಾಲ್ಕೂ ಬಿಳಿ ಆದ್ರೆ ಚೌಕ, ನಾಲ್ಕು ಮನೆ, ಒಂದೂ ಬಿಳಿ ಇಲ್ಲದಿದ್ರೆ ಬಾರ, ಎಂಟು ಮನೆ. ಸಣ್ಣೋರಿಗೆ ಬಾರ ಅರ್ಥ ಆಗಲ್ಲ, ಏನೂ ಬಿದ್ದಿಲ್ಲ ಎಂಟು ಯಾಕೆ ಅಂತ ಅವರ ಪ್ರಶ್ನೆ, ನ್ಯಾಯವಾಗಿದೆ ಕೂಡ, ಅದಕ್ಕೆ ಅವರ ಆಟದಲ್ಲಿ ಬಾರ ತೆಗೆದು ಬರೀ ಮುಂದೆ ಹೋಗೋ ಒಂದು ಉದ್ದನೆ ದಾರಿ ಬರೀತೀನಿ. ಇದರಲ್ಲಿ ಎರಡು ಕಲಿಕೆ ಇದೆ. ಬಿದ್ದಿದ್ದನ್ನ ನೋಡಿದ ತಕ್ಷಣ ಎಣಿಸದೇ ಮೂರು ಅಂತ ಗುರುತು ಹಿಡಿಯೋದು, ಆಮೇಲೆ ಕಾಯಿ ನಡೆಸುವಾಗ ಒಂದು ಮನೆಗೆ ಒಂದೇ ಎಣಿಕೆ. ನಿಂತ ಮನೇನೇ ಒಂದು ಅಂತ ಎಣಿಸಿ ಶುರು ಮಾಡೋದು ಎಲ್ಲಾ ಮಕ್ಕಳೂ ಮಾಡೋ ತಪ್ಪು, ಕಾಯಿ ಎತ್ತಿ "ಟಕ್" ಅಂತ ಮುಂದಿನ ಮನೇಲಿ ಇಟ್ಟಾಗ ಒಂದು ಅನ್ನಿ ಅಂತ ಶಬ್ದದ ಜೊತೆ ಕಲಿಸಿದೆ, ಸರಿಹೋಯ್ತು. ಮೊದಲು ಗೆದ್ದೋರಿಗೆ ಚಪ್ಪಾಳೆ ಹೊಡೆಸ್ತಿದ್ದೆ, ದಿನಾ ಸೋತ ಒಂದು ಮಗು ಆಟದ ಹತ್ರ ಬರೋದೇ ಬಿಟ್ಬಿಡ್ತು, ಚಪ್ಪಾಳೆ ನಿಲ್ಲಿಸಿದೆ. ಈಗ ಎಲ್ಲಾ ಕಾಯಿ ಮನೆ ಸೇರೋವರೆಗೂ ಆಟ.

ಅಂಕಿ ಗುರುತಿಸೋದು ನಾನು ತಡವಾಗಿ ತರ್ತೀನಿ, ಮೂರು ಅಂದ್ರೆ ಏನು ಅಂತ ಕೈಗೆ ಬಂದ್ಮೇಲೆ ಮಾತ್ರ 3. ಹಳೇ ಕ್ಯಾಲೆಂಡರ್ ಎಸೆಯಬೇಡಿ, ದಪ್ಪ ದಪ್ಪ ಅಂಕಿ, ಕತ್ತರಿಸಿ ರಟ್ಟಿಗೆ ಅಂಟಿಸಿದ್ರೆ ಕಾರ್ಡ್ ರೆಡಿ. 6ಕ್ಕೂ 9ಕ್ಕೂ ಕಾರ್ಡಿನ ಕೆಳಗೆ ಒಂದು ಗೆರೆ ಎಳೀರಿ, ಇಲ್ಲಾಂದ್ರೆ ತಲೆಕೆಳಗಾದಾಗ ಜಗಳ ಆಗುತ್ತೆ. ಬರೆಸೋದು ಅಗಲವಾದ ತಟ್ಟೆಲಿ ರಾಗಿ ಹರಡಿ ಬೆರಳಲ್ಲಿ, ತಪ್ಪಾದ್ರೆ ತಟ್ಟೆ ಅಲ್ಲಾಡಿಸಿದ್ರೆ ಆಯ್ತು, ಒರೆಸೋ ಭಯ ಇಲ್ಲ. 3, 7 ಉಲ್ಟಾ ಬರೆದ್ರೆ ಗಾಬರಿ ಬೇಡ, ಈ ವಯಸ್ಸಲ್ಲಿ ಅದು ಸಾಮಾನ್ಯ. ಕುಂಟೆಬಿಲ್ಲೆ ಮನೆಗಳಲ್ಲಿ ಅಂಕಿ ಬರೆದು "ಐದಕ್ಕೆ ಬಿಲ್ಲೆ ಎಸಿ" ಅಂದ್ರೆ ಕುಂಟೋ ಖುಷಿಲಿ ಅಂಕಿ ತಾನಾಗೇ ತಲೆಗೆ ಹೋಗುತ್ತೆ. ಕನ್ನಡ ಅಂಕಿ ಬೇಕೇ ಬೇಕು, ಆದ್ರೆ ಎರಡನ್ನೂ ಒಟ್ಟಿಗೆ ಕೊಡಬೇಡಿ ಅನ್ನೋದು ನನ್ನ ಅಭಿಪ್ರಾಯ. ಕನ್ನಡದ ೧ ನೋಡಿದ್ರೆ ಮಕ್ಕಳು ಸೊನ್ನೆ ಅಂತಾರೆ. 1ರಿಂದ 10 ಗಟ್ಟಿ ಆದ್ಮೇಲೆ ತೋರಿಸಿದ್ರೆ ಅದೂ ಒಂದು ಆಟ ಆಗುತ್ತೆ.

ಕಷ್ಟ ಆಗಿದ್ದು ಮನೆಯವರನ್ನ ಒಪ್ಪಿಸೋದು. "ಪಕ್ಕದೂರಿನ ಕಾನ್ವೆಂಟಲ್ಲಿ ಎಲ್‌ಕೆಜಿಗೇ ನೂರರವರೆಗೆ ಬರೆಸ್ತಾರಂತೆ ಟೀಚರ್, ನೀವು ಆಟ ಆಡಿಸ್ತಾ ಕೂತಿದ್ದೀರ" ಅಂತ ಒಬ್ಬ ತಾಯಿ ಮುಖದ ಮೇಲೇ ಹೇಳಿದ್ರು. ಸಣ್ಣ ಮಕ್ಕಳ ಓದು, ಬರಹ, ಲೆಕ್ಕಕ್ಕೆ ಅಂತ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ ಕಾರ್ಯಕ್ರಮದ ಗುರಿ ಏನಿದೆ ಅಂತ ಅವರಿಗೆ ತೋರಿಸಿದೆ, ಒಂದನೇ ಕ್ಲಾಸಿಗೆ ಮೊದಲು ಮಗು 10ರವರೆಗೆ ಅಂಕಿ ಗುರುತಿಸಿ ಓದಿದ್ರೆ ಸಾಕು, 99ರವರೆಗೆ ಓದಿ ಬರೆಯೋದು ಒಂದನೇ ಕ್ಲಾಸಿನ ಕೆಲಸ. ಕಾಗದ ನೋಡಿ ಅವರು ಒಪ್ಪಲಿಲ್ಲ. ಆಮೇಲೆ ಮಗಳನ್ನೇ ಕರೆದು "ಅಮ್ಮಂಗೆ ಏಳು ಮುಚ್ಚಳ ಕೊಡು" ಅಂದೆ, ಎಣಿಸಿ ಕೊಟ್ಲು, "ಇನ್ನೆಷ್ಟು ಕೊಟ್ರೆ ಹತ್ತು?" ಅಂದೆ, ಮೂರು ಎತ್ತಿ ಅಮ್ಮನ ಕೈಲಿಟ್ಲು. ತಾಯಿ ಮಾತಾಡಲಿಲ್ಲ, ಮಾರನೇ ದಿನ ಒಂದು ಚೀಲ ಮುಚ್ಚಳ ಕಳಿಸಿದ್ರು. ಅದಾದ್ಮೇಲೆ ಮನೆಗೂ ಕೆಲಸ ಹೇಳೋಕೆ ಶುರು ಮಾಡಿದೆ, ಊಟಕ್ಕೆ ಎಷ್ಟು ಜನಾನೋ ಅಷ್ಟು ಲೋಟ ಮಗು ಕೈಲೇ ಇಡಿಸಿ, ಮೆಟ್ಟಿಲು ಹತ್ತುವಾಗ ಎಣಿಸಿ, ಅಂಗಡಿಯಿಂದ ಟೊಮೇಟೊ ತಂದ್ರೆ ಎಣಿಸಿ ಬುಟ್ಟಿಗೆ ಹಾಕಿಸಿ. ಬುಕ್ಕಲ್ಲಿ ಪುಟಗಟ್ಟಲೆ ಬರೆಸಬೇಡಿ ಅಂತ ಕೈ ಮುಗಿದು ಕೇಳ್ತೀನಿ.

ಹೋದ ಸುಗ್ಗಿ ಆದ್ಮೇಲೆ ಬಂದು ಸೇರಿದ ನಾಲ್ಕು ವರ್ಷದ ಒಬ್ಬ ಹುಡುಗ ಮುಚ್ಚಳ ಎಣಿಸುವಾಗ ಪ್ರತಿ ಸಲಾನೂ "ಲಾಭ, ಎರಡು, ಮೂರು" ಅಂತಿದ್ದ. ಬೇರೆ ಮಕ್ಕಳು ತಪ್ಪು ತಪ್ಪು ಅಂತ ಕೂಗ್ತಿದ್ರು, ಅವನು ಮುಖ ಸಣ್ಣಗೆ ಮಾಡ್ಕೊಂಡ. ನನಗೆ ತಕ್ಷಣ ಗೊತ್ತಾಯ್ತು, ಅವನ ತಾತ ರಾಗಿ ಅಳೆಯೋರು, ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನಲ್ಲ, ಲಾಭ ಅಂತಾರೆ. ಇವನು ತಾತನ ಪಕ್ಕ ಕೂತು ಕಲಿತಿದ್ದ, ಎಣಿಕೇಲಿ ಎಲ್ಲೂ ತಪ್ಪಿಲ್ಲ, ಒಂದು ಸೇರಿಗೆ ಒಂದು ಮಾತು, ದಿನಾ ಅದೇ ಕ್ರಮ. ತಾತನ್ನೇ ಕರೆಸಿದೆ. ಸೇರು ತಗೊಂಡು ಬಂದ್ರು, ಅಂಗನವಾಡಿ ಜಗಲಿ ಮೇಲೆ ಗೋಣಿತಾಟು ಹಾಸಿ ರಾಗಿ ಸುರಿದು ನಿಧಾನಕ್ಕೆ ಅಳೆದ್ರು, ಲಾಭ, ಎರಡು, ಮೂರು, ಮಕ್ಕಳೆಲ್ಲ ಸುತ್ತ ಕೂತು ಜೊತೆಗೇ ಹೇಳಿದ್ರು, ಅಳೆದಷ್ಟಕ್ಕೂ ಸೇರಿಗೊಂದು ಮುಚ್ಚಳ ಆ ಹುಡುಗನೇ ಇಟ್ಟ. ಮುಗಿದ್ಮೇಲೆ ನಾನು ಮೊದಲನೇ ಮುಚ್ಚಳ ತೋರಿಸಿ "ಲಾಭ ಅಂದ್ರೆ ಎಷ್ಟು ಮಕ್ಕಳೇ?" ಅಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ, ಒಬ್ಬೊಬ್ಬರಾಗಿ ಒಂದೊಂದು ಬೆರಳು ಎತ್ತಿದ್ರು.