ಬುಲೆಟ್ ಬೋರ್‌ನ ಹೊಳಪು ತೆಗೆದದ್ದು, ಆಮೇಲೆ ತೊಳೆದದ್ದು

ನನ್ನದು ಹಳೆಯ ಬುಲೆಟ್ 350. ಬಲಗಾಲಲ್ಲಿ ಗೇರ್, ಎಡಗಾಲಲ್ಲಿ ಬ್ರೇಕ್ ಇರುವ, ಬೀಡು ಕಬ್ಬಿಣದ ಬ್ಲಾಕ್‌ನ ಗಾಡಿ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ತೂತು) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 90 ಮಿ.ಮೀ., ಒಟ್ಟು 346 ಸಿಸಿ. ಕೆಲವು ವರ್ಷ ಅದು ಊರೊಳಗೇ ಓಡಾಡಿತು. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತಿತ್ತು. ಆಮೇಲೆ ಆಕ್ಸಿಲರೇಟರ್ ತಿರುವಿದಾಗಲೆಲ್ಲ ನೀಲಿ ಹೊಗೆ ಬರಲು ಶುರುವಾಯಿತು. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಆಯಿಲ್ ಕೂಡ ಉಗುಳುತ್ತಿತ್ತು.

ಹೊಗೆ ಕಂಡ ಕೂಡಲೇ ಎಂಜಿನ್ ಬಿಚ್ಚಬಾರದು. ತುಂಬ ಹೊತ್ತು ನಿಲ್ಲಿಸಿ ಸ್ಟಾರ್ಟ್ ಮಾಡಿದಾಗ ಮಾತ್ರ ಹೊಗೆ ಬಂದರೆ ಮೊದಲು ವಾಲ್ವ್ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ನೋಡಬೇಕು. ನಾನು ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಹಾಕಿದೆ. ಒತ್ತಡ ಕಡಿಮೆ ಇತ್ತು. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಕಿಕ್ ಹೊಡೆದೆ. ಮುಳ್ಳು ಚೆನ್ನಾಗಿ ಮೇಲೇರಿತು. ಆಯಿಲ್ ಹೋಗಿ ರಿಂಗ್ (ಪಿಸ್ಟನ್ ಸುತ್ತ ಕೂತು ಬೋರ್ ಗೋಡೆಗೆ ಒತ್ತುವ ಬಳೆ) ಪಕ್ಕದ ಸಂದು ಮುಚ್ಚಿತು ಅಂದರೆ, ಸೋರುತ್ತಿದ್ದದ್ದು ಅಲ್ಲೇ.

ಹೆಡ್ ಇಳಿಸಿ ಬ್ಲಾಕ್ ಎತ್ತಿದೆ. ಈ ಬುಲೆಟ್‌ಗಳಲ್ಲಿ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಕವರ್ ಒಳಗೂ ಬ್ಲಾಕ್ ಹಿಡಿದಿರುವ ಒಂದು ನಟ್ ಇದೆ. ಅದನ್ನು ಬಿಚ್ಚದೆ ಬ್ಲಾಕನ್ನು ಸುತ್ತಿಗೆಯಿಂದ ಬಡಿದರೆ ಬ್ಲಾಕ್ ತಣ್ಣಗಿಡುವ ಫಿನ್ ಒಡೆಯುತ್ತದೆ ಅಷ್ಟೇ. ಬ್ಲಾಕ್ ಹೊರಬಂದ ತಕ್ಷಣ ಕಸ ಬೀಳದಂತೆ ಕೆಳಗಿನ ಕ್ರ್ಯಾಂಕ್‌ಕೇಸ್ ಬಾಯಿಗೆ ಶುದ್ಧವಾದ ಬಟ್ಟೆ ತುಂಬಿಸಿದೆ.

ಬೋರ್ ಒಳಗೆ ಟಾರ್ಚ್ ಬಿಟ್ಟರೆ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಲು ಚೆಂದ, ಆದರೆ ರಿಂಗಿಗೆ ಅದು ಕೆಟ್ಟದ್ದು. ಹೊಸ ಬೋರ್‌ನಲ್ಲಿ ಹೋನಿಂಗ್ ಮಾಡಿದ (ಅಂದರೆ ಸಾಣೆಕಲ್ಲಿನಿಂದ ಉಜ್ಜಿದ) ಅಡ್ಡಗೆರೆಗಳಿರುತ್ತವೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ವರ್ಷ ಕಳೆದ ಹಾಗೆ ಗೆರೆಗಳ ತುದಿ ಸವೆಯುತ್ತದೆ. ಉಳಿದ ತಗ್ಗಿನಲ್ಲಿ ಆಯಿಲ್ ಸುಟ್ಟು, ಬಾಣಲೆ ಅಂಚಿಗೆ ಕಟ್ಟುವ ಕಂದು ಜಿಡ್ಡಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಲೋಡ್ ಇಲ್ಲದೆ ಓಡುವ ಎಂಜಿನ್‌ನಲ್ಲಿ ಇದು ಇನ್ನೂ ಬೇಗ, ಯಾಕೆಂದರೆ ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಮುಖ್ಯವಾಗಿ ಸಿಲಿಂಡರ್ ಒಳಗಿನ ಗ್ಯಾಸ್ ಒತ್ತಡ. ಈ ಗೋಡೆಗೆ ಹೊಸ ರಿಂಗ್ ಹಾಕಿದರೂ ಅದು ಜಾರುತ್ತದೆಯೇ ಹೊರತು ಕೂರುವುದಿಲ್ಲ.

"ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಬಿಡಿ ಸಾರ್, ತಲೆನೋವೇ ಇರಲ್ಲ" ಅಂದರು ಲೇತ್ ಅಂಗಡಿಯವರು. ಮೊದಲು ಅಳತೆ ನೋಡಿ ಅಂದೆ. ಡಯಲ್ ಬೋರ್ ಗೇಜ್ ಬಿಟ್ಟು ಮೇಲೆ, ನಡುವೆ, ಕೆಳಗೆ ನೋಡಿದರು. ಪ್ರತಿ ಕಡೆಯೂ ಹಿಂದೆ–ಮುಂದೆ ಒಂದು ಅಳತೆ, ಎಡ–ಬಲ ಒಂದು ಅಳತೆ. ಹೆಚ್ಚಿನ ವ್ಯತ್ಯಾಸ 0.04 ಮಿ.ಮೀ. ಮಾತ್ರ. ಮೇಲ್ತುದಿಯಲ್ಲಿ ಉಗುರಿಗೆ ಸಿಗುವಂಥ ಮೆಟ್ಟಿಲೂ ಇರಲಿಲ್ಲ, ಉದ್ದಗೀರೂ ಇರಲಿಲ್ಲ. ಅಂಥ ಬೋರ್‌ನಿಂದ ಲೋಹ ಕತ್ತರಿಸಿ ತೆಗೆಯುವುದು ನನಗೆ ಸರಿ ಕಾಣಲಿಲ್ಲ. ಗೀರು ಬಿದ್ದಿದ್ದರೆ ಅವರ ಮಾತೇ ಸರಿ. ಸವೆದು ಮೊಟ್ಟೆಯಾದ ಬೋರನ್ನು ಹೋನ್ ದುಂಡಗೆ ಮಾಡುವುದಿಲ್ಲ.

ಹೊಳಪು ತೆಗೆಯಲು ಬಾಲ್ ಹೋನ್ ತಂದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಇಂಥದ್ದು ಸಿಗುತ್ತದೆ. ತಂತಿಗಳ ತುದಿಯಲ್ಲಿ ಸಾಣೆಕಲ್ಲಿನ ಗುಂಡುಗಳಿರುವ ಬ್ರಷ್ ಅದು. 70 ಮಿ.ಮೀ. ಬೋರ್‌ಗೆ ಆಗುವುದನ್ನೇ, 240 ಗ್ರಿಟ್ ಒರಟುತನದಲ್ಲಿ ಕೇಳಿ ತೆಗೆದುಕೊಳ್ಳಬೇಕು. ಮೂರು ಕಾಲಿನ ಹೋನ್ ಕೂಡ ಆಗುತ್ತದೆ. ಆದರೆ ಹಳೆಯ ಯೆಜ್ಡಿಯಂಥ ಟೂ ಸ್ಟ್ರೋಕ್ ಬ್ಲಾಕ್‌ನಲ್ಲಿ ಅದರ ಕಲ್ಲು ಗೋಡೆಯಲ್ಲಿರುವ ಪೋರ್ಟ್ ತೂತಿನ ಅಂಚಿಗೆ ಸಿಕ್ಕಿಕೊಳ್ಳಬಹುದು. ಎಮರಿ ಪೇಪರ್ ಹಿಡಿದು ಮೇಲಕ್ಕೂ ಕೆಳಕ್ಕೂ ಉಜ್ಜುವುದು ಬೇಡವೇ ಬೇಡ. ಉದ್ದುದ್ದ ಗೆರೆ ಬಿದ್ದರೆ ಗ್ಯಾಸ್‌ಗೂ ಆಯಿಲ್‌ಗೂ ನಾವೇ ದಾರಿ ಮಾಡಿಕೊಟ್ಟಂತೆ. ಇನ್ನೊಂದು ಮಾತು. ಡ್ಯೂಕ್ 390 ಥರದ ನಿಕಾಸಿಲ್ (ಗಟ್ಟಿ ನಿಕಲ್) ಲೇಪನದ ಬೋರ್‌ಗೆ ಈ ವಿಧಾನ ಅಲ್ಲ. ನಾನು ಹೇಳುತ್ತಿರುವುದು ಬೀಡು ಕಬ್ಬಿಣಕ್ಕೆ ಮಾತ್ರ.

ಬ್ಲಾಕನ್ನು ಮರದ ತುಂಡುಗಳ ಮೇಲಿಟ್ಟು ಅಲುಗದಂತೆ ಕಟ್ಟಿದೆ. ಗೋಡೆಗೂ ಹೋನ್‌ಗೂ ತೆಳು ಆಯಿಲ್ ಧಾರಾಳವಾಗಿ ಹಚ್ಚಿದೆ. ಡ್ರಿಲ್ ನಿಧಾನಕ್ಕೆ, 400–500 ಆರ್‌ಪಿಎಂ ಆಸುಪಾಸು ತಿರುಗಬೇಕು. ಆದರೆ ಕೈ ಮೇಲೆ ಕೆಳಗೆ ಚುರುಕಾಗಿ ಆಡಬೇಕು. ಗೆರೆಯ ಕೋನ ಬರುವುದೇ ಈ ಎರಡರ ಹೊಂದಾಣಿಕೆಯಿಂದ. ಕೈ ನಿಧಾನವಾದರೆ ಗೆರೆ ಮಲಗುತ್ತದೆ, ಆಯಿಲ್ ಜಾಸ್ತಿ ನಿಲ್ಲುತ್ತದೆ. ಗೆರೆ ತೀರಾ ಎದ್ದು ನಿಂತರೆ ಆಯಿಲ್ ಜಾರಿಹೋಗುತ್ತದೆ. ಒಂದನ್ನೊಂದು ದಾಟುವ ಗೆರೆಗಳ ನಡುವೆ 45ರಿಂದ 60 ಡಿಗ್ರಿ ಇದ್ದರೆ ಸಾಕು. ಹೋನ್ ತಿರುಗುತ್ತಿರುವಾಗಲೇ ಒಳಗೆ ಬಿಡಬೇಕು, ತಿರುಗುತ್ತಿರುವಾಗಲೇ ಹೊರಗೆ ತೆಗೆಯಬೇಕು. ನಿಲ್ಲಿಸಿ ಎಳೆದರೆ ಉದ್ದಗೀರು ಬೀಳುತ್ತದೆ. ಇಪ್ಪತ್ತು ಸೆಕೆಂಡ್ ಮಾಡಿ, ಒರೆಸಿ ನೋಡಿದೆ. ಅಲ್ಲಲ್ಲಿ ಹೊಳಪು ಉಳಿದಿತ್ತು. ಇನ್ನೊಂದಿಷ್ಟು ಮಾಡಿದ ಮೇಲೆ ಗೋಡೆಯೆಲ್ಲ ಒಂದೇ ಸಮನೆ ಮಾಸಲು ಬೂದಿ ಬಣ್ಣಕ್ಕೆ ತಿರುಗಿತು. ಅಲ್ಲಿಗೆ ನಿಲ್ಲಿಸಿದೆ.

ಹೋನಿಂಗ್ ಇಷ್ಟೇ. ಎಲ್ಲರೂ ಇದರ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ಎಂಜಿನ್ ಉಳಿಯುವುದು, ಹಾಳಾಗುವುದು ಆಮೇಲಿನ ತೊಳೆಯುವ ಕೆಲಸದಲ್ಲಿ.

ಸಾಮಾನ್ಯವಾಗಿ ಬ್ಲಾಕನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿ, ಗಾಳಿ ಹೊಡೆದು, ಜೋಡಿಸಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಪೆಟ್ರೋಲ್ ಆಯಿಲನ್ನು ಕರಗಿಸುತ್ತದೆ. ಹೊಸ ಗೆರೆಗಳಲ್ಲಿ ಹೂತ ಕಲ್ಲುಪುಡಿ, ಕಬ್ಬಿಣದ ಪುಡಿ ಮಾತ್ರ ಅಲ್ಲೇ ಉಳಿಯುತ್ತದೆ. ಎಂಜಿನ್ ಶುರುವಾದ ಮೇಲೆ ಆ ಪುಡಿ ಹೊಸ ರಿಂಗನ್ನು ತಿನ್ನುತ್ತದೆ. ಆಯಿಲ್ ಜೊತೆ ಇಳಿದು ಕನೆಕ್ಟಿಂಗ್ ರಾಡ್‌ನ ಕೆಳತುದಿಯ ಬೇರಿಂಗ್ ಆದ ಬಿಗ್ ಎಂಡ್‌ಗೂ ಹೋಗುತ್ತದೆ. ಪುಡಿಯನ್ನು ಎತ್ತಿ ಹೊರಹಾಕುವುದು ಸೋಪಿನ ನೊರೆ.

ನಾನು ಹಂಡೆಯಿಂದ ಕೈ ಸುಡುವಷ್ಟು ಬಿಸಿನೀರು ತೋಡಿಕೊಂಡೆ. ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಗಟ್ಟಿ ನೈಲಾನ್ ಬ್ರಷ್. ಗೆರೆಗಳ ಎರಡೂ ದಿಕ್ಕಿಗೆ ಉಜ್ಜಿ, ನೀರು ಚೆಲ್ಲಿ, ಮತ್ತೆ ಸೋಪು. ಮೊದಲು ಬೂದು ನೀರು ಇಳಿಯಿತು. ನೀರು ತಿಳಿಯಾದರೂ ನಂಬಬಾರದು. ಹಳೆಯ ಬಿಳಿ ಪಂಚೆಯ ತುಂಡಿನಿಂದ ಒರೆಸಿದರೆ ಮತ್ತೆ ಕಪ್ಪು ಬಂತು. ಹಾಗೇ ಮುಂದುವರಿಸಿದೆ. ಟ್ಯಾಪೆಟ್‌ನಿಂದ ಮೇಲಕ್ಕೆ ತಳ್ಳುವ ಕಡ್ಡಿ, ಪುಶ್‌ರಾಡ್, ಹೋಗುವ ಸುರಂಗ ಬ್ಲಾಕ್‌ನಲ್ಲೇ ಇದೆ. ಅಲ್ಲಿ, ಟ್ಯಾಪೆಟ್ ಗೂಡಿನಲ್ಲಿ, ಸ್ಟಡ್ ತೂತುಗಳಲ್ಲಿ ಪುಡಿ ಅಡಗಿ ಕೂತಿರುತ್ತದೆ. ಅದಕ್ಕೆ ಸಣ್ಣ ಬಾಟಲ್ ಬ್ರಷ್ ಬೇಕು.

ತೊಳೆದಾದ ಮೇಲೆ ಅವಸರ ಮಾಡಲೇಬೇಕು. ಜಿಡ್ಡಿಲ್ಲದ ಬೀಡು ಕಬ್ಬಿಣ ನೋಡನೋಡುತ್ತಿದ್ದಂತೆ ತುಕ್ಕು ಹಿಡಿಯುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬಟ್ಟೆಯಿಂದ ಒತ್ತಿ ಒಣಗಿಸಿ, ತಕ್ಷಣ ಎಂಜಿನ್ ಆಯಿಲ್ ಹಚ್ಚಿದೆ. ಆಯಿಲ್ ಹಚ್ಚಿದ ಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಇನ್ನೂ ಸ್ವಲ್ಪ ಬೂದು ಹತ್ತಿತು. ಹಚ್ಚುವುದು, ಒರೆಸುವುದು, ಬಟ್ಟೆಯಲ್ಲಿ ಆಯಿಲ್ ಬಣ್ಣ ಬಿಟ್ಟು ಬೇರೇನೂ ಕಾಣದಷ್ಟು ಸಲ.

ಹೊಸ ರಿಂಗನ್ನು ಬೋರ್‌ಗೆ ಬಿಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಫೀಲರ್ ಗೇಜ್‌ನಿಂದ (ತೆಳು ತಗಡಿನ ಅಳತೆಪಟ್ಟಿ) ರಿಂಗಿನ ಎರಡು ತುದಿಗಳ ನಡುವಿನ ಬಾಯಿ ಅಳೆದೆ. ಪ್ರತಿ ಇಂಚು ಬೋರ್‌ಗೆ 0.004 ಇಂಚು ಅನ್ನುವುದು ಹಳೆಯ ಲೆಕ್ಕ. 70 ಮಿ.ಮೀ.ಗೆ ಅದು ಸುಮಾರು 0.28 ಮಿ.ಮೀ. ನನ್ನದು 0.30 ಇತ್ತು, ಹಾಗೇ ಬಿಟ್ಟೆ. ಬಾಯಿಗಳು ಒಂದರ ಕೆಳಗೊಂದು ಬರದಂತೆ ತಿರುಗಿಸಿ ಜೋಡಿಸಿದೆ.

ಸ್ಟಾರ್ಟ್ ಆದ ಮೇಲೆ ಸುಮ್ನೆ ಐಡಲ್‌ನಲ್ಲಿ ನಿಲ್ಲಿಸಬಾರದು. ರಿಂಗ್ ಕೂರಲು ಲೋಡ್ ಬೇಕು. ಸಾದಾ ಮಿನರಲ್ 20ಡಬ್ಲ್ಯು-50 ಆಯಿಲ್ ಹಾಕಿ, ಸ್ವಲ್ಪ ಬಿಸಿಯಾದ ಕೂಡಲೇ ಚಿಕ್ಕಮಗಳೂರು–ಮೂಡಿಗೆರೆ ರಸ್ತೆಗೆ ಇಳಿಸಿದೆ. ಅಲ್ಲಿ ಏರಿಳಿತ ಚೆನ್ನಾಗಿದೆ. ಏರಿನಲ್ಲಿ ಅರ್ಧ ಆಕ್ಸಿಲರೇಟರ್, ಇಳಿಜಾರಿನಲ್ಲಿ ಪೂರ್ತಿ ಬಿಟ್ಟು ಗೇರಲ್ಲೇ ಇಳಿಸುವುದು. ತುಂಬ ವೇಗ ಇಲ್ಲ, ಒಂದೇ ವೇಗವೂ ಇಲ್ಲ. ಶುರುವಿನಲ್ಲಿ ಜೋಡಿಸುವಾಗ ಹಚ್ಚಿದ ಆಯಿಲ್ ಸುಟ್ಟು ಹೊಗೆ ಬಂತು. ಮೂಡಿಗೆರೆ ಮುಟ್ಟುವ ಹೊತ್ತಿಗೆ ನಿಂತಿತ್ತು.

ಮನೆಗೆ ಬಂದು ಬಿಸಿ ಇರುವಾಗಲೇ ಆ ಆಯಿಲ್ ಇಳಿಸಿ ಫಿಲ್ಟರ್ ಬದಲಿಸಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ. ಹೆಡ್ ಕೂತರೆ ಟ್ಯಾಪೆಟ್ ಸಂದೂ ಬದಲಾಗುತ್ತದೆ. ಹಾಗಾಗಿ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುವಂತೆ, ಮೇಲೆ ಕೆಳಗೆ ಆಡದಂತೆ ಟ್ಯಾಪೆಟ್ ಮತ್ತೆ ಹೊಂದಿಸಿ ಕವರ್ ಮುಚ್ಚಿದೆ.