ಮಿಶಿಗನ್‌ಗೆ ಹೊಸದಾಗಿ ಬಂದವರಿಗೆ: ಫುಟ್‌ಬಾಲ್ ತಂಡ ಸೋತ ಮೇಲೆ ಸೋಮವಾರ ಆಫೀಸಿನಲ್ಲಿ ಏನು ಮಾತಾಡಬೇಕು?

ಕ್ಯಾಂಟನ್, ನೋವೈ, ಟ್ರಾಯ್, ಫಾರ್ಮಿಂಗ್‌ಟನ್ ಹಿಲ್ಸ್. ನಮ್ಮವರು ಬಂದಿಳಿಯುವುದು ಹೆಚ್ಚಾಗಿ ಈ ಊರುಗಳಿಗೇ. ಕಾರು ಕಂಪನಿಯ ಕೆಲಸ, ಇಲ್ಲದಿದ್ದರೆ ಕಾರು ಕಂಪನಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸು, ಹಿಮದಲ್ಲಿ ಗಾಡಿ ಓಡಿಸುವುದು, ಇದನ್ನೆಲ್ಲ ಹೇಳಿಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ಆದರೆ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಸೋಮವಾರ ಬೆಳಿಗ್ಗೆ ಕಾಫಿ ಮೆಷಿನ್ ಹತ್ತಿರ ನಡೆಯುವ ಮಾತು ಯಾರೂ ಹೇಳಿಕೊಡುವುದಿಲ್ಲ. ಶನಿವಾರ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಸೋತರೆ ಅಲ್ಲಿ ಎರಡು ಪಕ್ಷ. ಒಂದು ಪಕ್ಷ "ಸೋತಿದ್ದು ಅಫೆನ್ಸ್‌ನಿಂದ" ಅನ್ನುತ್ತದೆ, ಅಂದರೆ ಚೆಂಡು ಹಿಡಿದು ಪಾಯಿಂಟ್ ಗಳಿಸಬೇಕಾದವರಿಂದ. ಇನ್ನೊಂದು "ಡಿಫೆನ್ಸ್‌ನಿಂದ" ಅನ್ನುತ್ತದೆ, ಅಂದರೆ ಎದುರಾಳಿಯನ್ನು ತಡೆಯಬೇಕಾದವರಿಂದ. ನೀವು ನಡುವೆ ಕಪ್ಪು ಹಿಡಿದು ಸುಮ್ನೆ ನಗುತ್ತಾ ನಿಂತಿರುತ್ತೀರಿ.

ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರಾ ಅಂತ ಕೇಳಬೇಡಿ. ಆ್ಯನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ತುಂಬಿದಾಗ ಇರುವ ಜನರ ಎರಡು ಪಟ್ಟಿಗಿಂತ ಜಾಸ್ತಿ. ಅದೂ ಪ್ರತಿ ಪಂದ್ಯಕ್ಕೂ ತುಂಬುತ್ತದೆ.

ಮೊದಲು ನಿಯಮ, ಬೇಗ ಮುಗಿಸುತ್ತೇನೆ. ಮೈದಾನ 100 ಯಾರ್ಡ್, ಪಂದ್ಯ ನಾಲ್ಕು ಕ್ವಾರ್ಟರ್, ಅಂದರೆ ನಾಲ್ಕು ಭಾಗ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು 4 ಅವಕಾಶ, ಒಂದೊಂದು ಅವಕಾಶವೂ ಒಂದು ಆಟ. ಹೋದರೆ ಮತ್ತೆ 4. ಹೋಗದಿದ್ದರೆ ಚೆಂಡು ಅಲ್ಲೇ ಎದುರಾಳಿಗೆ. ಅದಕ್ಕೇ ನಾಲ್ಕನೆಯ ಅವಕಾಶದಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ, ಅದು ಪಂಟ್. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಪಾಯಿಂಟ್. ಆಮೇಲೆ ಒದ್ದು ಇನ್ನೊಂದು, ಇಲ್ಲವೇ ಇನ್ನೊಂದು ಸಲ ನುಗ್ಗಿ ಎರಡು. ಟಚ್‌ಡೌನ್ ಆಗದಿದ್ದರೆ ಕಂಬಗಳ ನಡುವೆ ಒದ್ದು ಫೀಲ್ಡ್ ಗೋಲ್, ಅದಕ್ಕೆ 3. ಮೈದಾನದಲ್ಲಿ ಒಂದು ಕಡೆ 11 ಜನ. ಆದರೆ ಚೆಂಡು ನಮ್ಮ ಕೈಯಲ್ಲಿದ್ದಾಗ ಆಡುವ 11 ಜನ ಬೇರೆ, ಎದುರಾಳಿಯ ಕೈಯಲ್ಲಿದ್ದಾಗ ತಡೆಯುವ 11 ಜನ ಬೇರೆ. ಒದೆಯುವ ಹೊತ್ತಿಗೆ ಮೂರನೆಯ ಗುಂಪು, ಸ್ಪೆಷಲ್ ಟೀಮ್ಸ್. ಅಫೆನ್ಸ್‌ಗೆ ಒಬ್ಬ ಕೋಆರ್ಡಿನೇಟರ್, ಅಂದರೆ ಆ ಗುಂಪನ್ನು ನಡೆಸುವ ಕೋಚ್, ಡಿಫೆನ್ಸ್‌ಗೆ ಇನ್ನೊಬ್ಬ. ಸೋತ ರಾತ್ರಿ ಇವರಿಬ್ಬರಲ್ಲಿ ಒಬ್ಬನನ್ನು ಕೆಲಸದಿಂದ ತೆಗೆಯಿರಿ ಅಂತ ಜನ ಕೂಗುತ್ತಾರೆ. ಜಗಳದ ಬೇರು ಇರುವುದು ಇಲ್ಲೇ.

ನಮ್ಮವರು ಎಡವುವುದು ಸ್ಕೋರ್ ನೋಡಿ ತೀರ್ಪು ಕೊಡುವಾಗ. ಕ್ರಿಕೆಟ್ ತಲೆಯಲ್ಲಿರುತ್ತದೆ ಅಲ್ವಾ? ಒಂದು ದಿನದ ಪಂದ್ಯದಲ್ಲಿ ಎದುರಾಳಿ 350 ಹೊಡೆದರೆ ಅದು ನಮ್ಮ ಬೌಲಿಂಗು, ಫೀಲ್ಡಿಂಗಿನ ಲೆಕ್ಕ. ನಮ್ಮ ಬ್ಯಾಟಿಂಗ್ ಎಷ್ಟೇ ಕೆಟ್ಟರೂ ಅವರ ಮೊತ್ತಕ್ಕೆ ಒಂದು ರನ್ನೂ ಸೇರಿಸುವುದಿಲ್ಲ. ಇಲ್ಲಿ ಹಾಗಲ್ಲ. ನಮ್ಮ ಅಫೆನ್ಸ್ ಎದುರಾಳಿಗೆ ಪಾಯಿಂಟ್ ಕೊಡಬಹುದು. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಅಫೆನ್ಸ್‌ನಲ್ಲಿ ಚೆಂಡು ಎಸೆಯುವ ಹುಡುಗ, ಎಸೆದ ಚೆಂಡನ್ನು ಅವರ ಹುಡುಗ ಹಿಡಿದು ಹಾಗೇ ಓಡಿ ಗೆರೆ ದಾಟಿದರೆ ಅದಕ್ಕೆ ಪಿಕ್-ಸಿಕ್ಸ್ ಅನ್ನುತ್ತಾರೆ. ಆಗ ನಮ್ಮ ಡಿಫೆನ್ಸ್ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿರುತ್ತದೆ. ಬೋರ್ಡಿನ ಮೇಲೆ ಮಾತ್ರ ಅದೂ "ನಾವು ಬಿಟ್ಟುಕೊಟ್ಟ ಪಾಯಿಂಟ್".

ಇದಕ್ಕೆ 2022ರ ಡಿಸೆಂಬರ್ 31ರ ಫಿಯೆಸ್ಟಾ ಬೌಲ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಈ ಪಂದ್ಯ ತಿಳಿದಿದ್ದರೆ ಮಿಶಿಗನ್‌ನಲ್ಲಿ ಯಾವ ಕಟ್ಟೆಯ ಮೇಲಾದರೂ ಕೂರಬಹುದು.

ಅರಿಜೋನಾದ ಗ್ಲೆಂಡೇಲ್‌ನಲ್ಲಿ ರಾಷ್ಟ್ರೀಯ ಪ್ಲೇಆಫ್‌ನ ಸೆಮಿಫೈನಲ್. ಮಿಶಿಗನ್ ಆ ವರ್ಷ 13ಕ್ಕೆ 13 ಗೆದ್ದು ಬಂದಿತ್ತು. ಎದುರಿಗೆ ಟೆಕ್ಸಸ್ ಕ್ರಿಶ್ಚಿಯನ್, ಅಂದರೆ ಟಿಸಿಯು. ಗೆಲ್ಲುವುದು ಮಿಶಿಗನ್ನೇ ಅಂತ ಎಲ್ಲರ ಅಂದಾಜು. ಸ್ಕೋರ್ ಆದದ್ದು ಟಿಸಿಯು 51, ಮಿಶಿಗನ್ 45.

51 ಅಂದ ಕೂಡಲೇ ಡಿಫೆನ್ಸ್ ಕೆಟ್ಟಿತು ಅನ್ನಿಸುತ್ತದೆ. ಸ್ವಲ್ಪ ನಿಲ್ಲಿ. ಮಿಶಿಗನ್ನಿನ ಮೊದಲ ಆಟದಲ್ಲೇ ಡೊನೊವನ್ ಎಡ್ವರ್ಡ್ಸ್ 54 ಯಾರ್ಡ್ ಓಡಿದ. ಸ್ವಲ್ಪ ಹೊತ್ತಿನಲ್ಲಿ ಗೆರೆಗೆ ಎರಡೇ ಯಾರ್ಡ್ ಬಾಕಿ, ನಾಲ್ಕನೆಯ ಅವಕಾಶ. ಕಣ್ಣು ಮುಚ್ಚಿ ಮೂರು ಪಾಯಿಂಟ್ ತೆಗೆದುಕೊಳ್ಳಬಹುದಿತ್ತು. ಕೋಚ್ ಜಿಮ್ ಹಾರ್ಬಾ ಟಚ್‌ಡೌನಿಗೇ ಹೋದರು, ಅದೂ ಸೀದಾ ನುಗ್ಗದೆ ಒಂದು ತಂತ್ರದಾಟ ಆಡಿಸಿ. ಅದು ಕೆಟ್ಟಿತು, ಸೊನ್ನೆ. ಆಮೇಲೆ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಎಸೆದ ಚೆಂಡನ್ನು ಟಿಸಿಯುನ ಬಡ್ ಕ್ಲಾರ್ಕ್ ಹಿಡಿದು 41 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಎರಡನೆಯ ಕ್ವಾರ್ಟರ್‌ನಲ್ಲಿ ರೋಮನ್ ವಿಲ್ಸನ್ ಉದ್ದದ ಚೆಂಡು ಹಿಡಿದ. ಮೊದಲು ಟಚ್‌ಡೌನ್ ಅಂದರು. ವಿಡಿಯೋ ನೋಡಿ, ಇಲ್ಲ, ಗೆರೆಗೆ ಒಂದು ಗೇಣು ಮುಂಚೆಯೇ ಬಿದ್ದ ಅಂದರು. ಪರವಾಗಿಲ್ಲ, ಮುಂದಿನ ಆಟದಲ್ಲಿ ನುಗ್ಗಿದರೆ ಆಯಿತು. ಆ ಮುಂದಿನ ಆಟದಲ್ಲೇ ಚೆಂಡು ಕೈಜಾರಿ ಟಿಸಿಯು ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಅದು. ಅರ್ಧ ಪಂದ್ಯಕ್ಕೆ 21-6. ಮೂರನೆಯ ಕ್ವಾರ್ಟರ್‌ನಲ್ಲಿ ಇನ್ನೊಂದು ಪಿಕ್-ಸಿಕ್ಸ್, ಡೀ ವಿಂಟರ್ಸ್‌ದು, 29 ಯಾರ್ಡ್.

ಈಗ ಲೆಕ್ಕ ಹಾಕಿ. 51ರಲ್ಲಿ 14 ಅಫೆನ್ಸ್ ಕೈಯಾರೆ ಕೊಟ್ಟದ್ದು. ಡಿಫೆನ್ಸ್ ಪಾಲಿಗೆ ಉಳಿಯುವುದು 37. ಗೆರೆಯ ಬಾಗಿಲಲ್ಲಿ ಎರಡು ಸಲ ಬಿಟ್ಟು ಬಂದದ್ದಕ್ಕೆ ಬೋರ್ಡಿನಲ್ಲಿ ಗುರುತೇ ಇಲ್ಲ. ಸೋತದ್ದು ಬರೀ 6 ಪಾಯಿಂಟಿನಿಂದ.

ಅಫೆನ್ಸ್ ಪರ ಮಾತಾಡುವವರು ಯಾರ್ಡ್ ಲೆಕ್ಕ ತೆಗೆಯುತ್ತಾರೆ. ಮಿಶಿಗನ್ 528 ಯಾರ್ಡ್, ಟಿಸಿಯು 488. ಮೆಕಾರ್ಥಿ ಎಸೆದದ್ದೇ 343. 45 ಪಾಯಿಂಟ್ ಗಳಿಸಿದ ಅಫೆನ್ಸನ್ನು ಬೈಯುವುದು ಹೇಗೆ ಅಂತ ಕೇಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ 98 ಯಾರ್ಡ್ ಹೋಗಿ ಕೊನೆಯ ಎರಡು ಯಾರ್ಡಿನಲ್ಲಿ ಬಿದ್ದರೂ ಯಾರ್ಡ್ ಲೆಕ್ಕದಲ್ಲಿ 98 ಸೇರುತ್ತದೆ. ಈ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಡಿಫೆನ್ಸನ್ನು ಬೈಯುವವರ ವಾದ ಇದಕ್ಕಿಂತ ಗಟ್ಟಿ. ಟಿಸಿಯು ಬರೀ ಓಡಿಯೇ 263 ಯಾರ್ಡ್ ಗಳಿಸಿತು. ಮುಖ್ಯ ಓಟಗಾರ ಕೆಂಡ್ರೆ ಮಿಲ್ಲರ್ ಗಾಯವಾಗಿ ಹೊರಗೆ ಹೋದ ಮೇಲೂ ಎಮಾರಿ ಡೆಮರ್ಕಾಡೊ 150 ಓಡಿದ. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಮಿಶಿಗನ್ ಹೆಣಗಾಡಿ 41-38ಕ್ಕೆ ತಂದಿತು. ಆಗ ಒಂದೇ ಒಂದು ಸಲ ತಡೆಯಬೇಕಿತ್ತು. ಕ್ವೆಂಟಿನ್ ಜಾನ್‌ಸ್ಟನ್ 76 ಯಾರ್ಡಿನ ಟಚ್‌ಡೌನ್ ಹೊಡೆದ. ಇನ್ನೂ ಹೊಟ್ಟೆ ಉರಿಸುವ ಸಂಗತಿ ಅಂದರೆ, ಒಂಬತ್ತು ದಿನ ಬಿಟ್ಟು ಇದೇ ಟಿಸಿಯು ಫೈನಲ್‌ನಲ್ಲಿ ಜಾರ್ಜಿಯಾ ಮುಂದೆ 65-7ರಿಂದ ಸೋತಿತು. ಜಾರ್ಜಿಯಾದವರಿಗೆ ಏಳಕ್ಕೆ ತಡೆಯಲು ಆಯಿತು, ನಮಗೆ 37?

ನನ್ನ ತೀರ್ಪು ಅಫೆನ್ಸ್ ಮೇಲೆ. ಡಿಫೆನ್ಸ್ ಚೆನ್ನಾಗಿ ಆಡಿತು ಅಂತಲ್ಲ, ಅವತ್ತು ಅದು ಸಾಧಾರಣಕ್ಕಿಂತ ಕೆಳಗಿತ್ತು. ಆದರೆ ಅಷ್ಟು ಕೆಟ್ಟ ಡಿಫೆನ್ಸ್ ಇಟ್ಟುಕೊಂಡೂ ಆ ಪಂದ್ಯ ಗೆಲ್ಲಬಹುದಿತ್ತು. ಎರಡು ಪಿಕ್-ಸಿಕ್ಸ್ ಕೊಟ್ಟು, ಗೆರೆಯ ಮುಂದೆ ಎರಡು ಸಲ ಬರಿಗೈಯಲ್ಲಿ ವಾಪಸ್ ಬಂದು ಗೆಲ್ಲುವುದು ಯಾವ ಡಿಫೆನ್ಸ್ ಇದ್ದರೂ ಕಷ್ಟ. ಮುಂದಿನ ವರ್ಷ ಅದೇ ಹಾರ್ಬಾ, ಅದೇ ಡಿಫೆನ್ಸ್ ಕೋಆರ್ಡಿನೇಟರ್ ಜೆಸ್ಸಿ ಮಿಂಟರ್, ಅದೇ ಮೆಕಾರ್ಥಿ. 15ಕ್ಕೆ 15 ಗೆದ್ದು, 2024ರ ಜನವರಿ 8ರಂದು ವಾಷಿಂಗ್ಟನ್ ತಂಡವನ್ನು 34-13ರಿಂದ ಸೋಲಿಸಿ ಚಾಂಪಿಯನ್ ಆದರು. ಮಿಂಟರ್‌ನನ್ನು ತೆಗೆಯಿರಿ ಅಂತ ಕೂಗಿದವರು ಆಮೇಲೆ ಆ ಸುದ್ದಿಯನ್ನೇ ಎತ್ತಲಿಲ್ಲ!

ಹಾಗಾಗಿ ಸೋಮವಾರ ನಿಮ್ಮ ಸರದಿ ಬಂದಾಗ ತೀರ್ಪು ಕೊಡಬೇಡಿ, ಪ್ರಶ್ನೆ ಕೇಳಿ. ಎದುರಾಳಿಗೆ ಚೆಂಡು ಎಲ್ಲಿ ಸಿಕ್ಕಿತು ಅಂತ ಕೇಳಿ. 80 ಯಾರ್ಡ್ ಓಡಿ ಬಂದು ಟಚ್‌ಡೌನ್ ಮಾಡಿದರೆ ಅದು ಡಿಫೆನ್ಸ್ ತಪ್ಪು. ನಮ್ಮವರು ಚೆಂಡು ಕಳೆದುಕೊಂಡು, ಅವರು ಗೆರೆಗೆ ಬರೀ 15 ಯಾರ್ಡ್ ದೂರದಿಂದ ಶುರು ಮಾಡಿದ್ದರೆ? ಅದಕ್ಕೆ ಇಲ್ಲಿಯವರು ಶಾರ್ಟ್ ಫೀಲ್ಡ್ ಅನ್ನುತ್ತಾರೆ. "ಅವರಿಗೆ ಶಾರ್ಟ್ ಫೀಲ್ಡ್ ಕೊಟ್ಟುಬಿಟ್ಟೆವು" ಅಂತ ನೀವೊಂದು ಮಾತು ಹೇಳಿದರೆ ಎದುರಿಗಿರುವವನು ಇಪ್ಪತ್ತು ನಿಮಿಷ ಮಾತಾಡುತ್ತಾನೆ. ನೀವು ತಲೆಯಾಡಿಸಿದರೆ ಸಾಕು. ಇನ್ನೊಂದು, ಅಫೆನ್ಸ್ ಮೂರು ಆಟ ಆಡಿ ಪಂಟ್ ಮಾಡಿ ಮತ್ತೆ ಮತ್ತೆ ಹೊರಗೆ ಬರುತ್ತಿತ್ತಾ ಅಂತ ನೋಡಿ. ಹಾಗಾದರೆ ಡಿಫೆನ್ಸ್‌ಗೆ ಉಸಿರು ತೆಗೆದುಕೊಳ್ಳಲೂ ಸಮಯ ಸಿಗುವುದಿಲ್ಲ, ಕೊನೆಯ ಕ್ವಾರ್ಟರ್‌ನಲ್ಲಿ ಕಾಲು ಬರುವುದಿಲ್ಲ. ಆಗ ಬಿಟ್ಟುಕೊಟ್ಟ ಪಾಯಿಂಟ್ ಯಾರ ಖಾತೆಗೆ? ವಾದ ಶುರು.

ಪಕ್ಕದ ಒಹಾಯೊದವರೂ ಇದೇ ಜಗಳ ಆಡುತ್ತಾರೆ, ಇನ್ನೂ ಜೋರಾಗಿ. 2022ರ ನವೆಂಬರ್ 26ರಂದು ಅವರದೇ ಊರು ಕೊಲಂಬಸ್‌ನಲ್ಲಿ ಮಿಶಿಗನ್ ಒಹಾಯೊ ಸ್ಟೇಟ್ ತಂಡವನ್ನು 45-23ರಿಂದ ಸೋಲಿಸಿತು. 69, 75, 45, 75, 85 ಯಾರ್ಡಿನ ಟಚ್‌ಡೌನ್‌ಗಳು. ಅವರ ಡಿಫೆನ್ಸ್ ಕೋಆರ್ಡಿನೇಟರ್ ಜಿಮ್ ನೋಲ್ಸ್‌ಗೆ ಬಾಯಿಗೆ ಬಂದಂತೆ ಬೈದರು. ಆದರೆ ಅರ್ಧ ಪಂದ್ಯಕ್ಕೆ 20-17ರಿಂದ ಮುಂದಿದ್ದ ಅವರ ಅಫೆನ್ಸ್, ಉಳಿದರ್ಧದಲ್ಲಿ ಗಳಿಸಿದ್ದು ಬರೀ 3. ಅದನ್ನು ಯಾರೂ ಅಷ್ಟಾಗಿ ಎತ್ತಲಿಲ್ಲ. 2024ರಲ್ಲಿ ಅದೇ ಊರಿನಲ್ಲಿ ಮಿಶಿಗನ್ 13-10ರಿಂದ ಗೆದ್ದಿತು. ಅಲ್ಲಿ ತಕರಾರೇ ಇಲ್ಲ. ಮಿಶಿಗನ್ನಿನ ಒಂದೇ ಟಚ್‌ಡೌನ್ ಬಂದದ್ದು ಆಮಿರ್ ಹಾಲ್ ಚೆಂಡು ಕಸಿದು 2 ಯಾರ್ಡ್ ಗೆರೆಯವರೆಗೆ ತಂದ ಮೇಲೆ. ಜೊತೆಗೆ ಒಹಾಯೊದ ಕಿಕ್ಕರ್ ಎರಡು ಫೀಲ್ಡ್ ಗೋಲ್ ತಪ್ಪಿಸಿದ. ಅವರ ಡಿಫೆನ್ಸ್ ಪಾಪ ಇನ್ನೇನು ಮಾಡಬೇಕಿತ್ತು? ಅಷ್ಟಾಗಿಯೂ ಆ ಸಲದ ರಾಷ್ಟ್ರೀಯ ಚಾಂಪಿಯನ್ ಒಹಾಯೊ ಸ್ಟೇಟೇ. ನಮ್ಮ ಮಿಶಿಗನ್ ಅಭಿಮಾನಿಗಳಿಗೆ ಈ ಎರಡನೆಯ ಭಾಗ ನೆನಪಿಸಬೇಡಿ.

ಬೈಯುವುದರಲ್ಲೂ ಒಂದು ರೀತಿ ಇದೆ. ಕೋಚ್‌ನನ್ನು ಬೈಯಬಹುದು, ಕೋಆರ್ಡಿನೇಟರ್‌ನನ್ನು ಬೈಯಬಹುದು, ಯಾವ ಹೊತ್ತಿಗೆ ಯಾವ ಆಟ ಆರಿಸಿದರು ಅಂತ ಎಷ್ಟು ಬೇಕಾದರೂ ಬೈಯಬಹುದು. ಅವರದು ದೊಡ್ಡ ಸಂಬಳದ ಕೆಲಸ. ಹುಡುಗರ ಹೆಸರು ಹಿಡಿದು ಹಳಿಯುವಾಗ ಮಾತ್ರ ಹುಷಾರು. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು ಅವರು. ನಿಮ್ಮ ಸಹೋದ್ಯೋಗಿಯ ಮಗಳು ಅದೇ ತರಗತಿಯಲ್ಲಿ ಕೂರುತ್ತಿರಬಹುದು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನ ಹಣ ಪಡೆಯಬಹುದು ಅಂತ ಆದ ಮೇಲೆ ಈ ದಾಕ್ಷಿಣ್ಯ ಸ್ವಲ್ಪ ಕಡಿಮೆಯಾಗಿದೆ. ಆದರೂ ಹೊಸಬರು ಕೋಚ್‌ನಿಂದ ಶುರು ಮಾಡುವುದೇ ಒಳ್ಳೆಯದು.

ಆಫೀಸಿನಲ್ಲಿ ಯಾರು ಯಾವ ಕಡೆ ಅಂತ ಮೊದಲೇ ತಿಳಿದುಕೊಳ್ಳಿ. ಹಳದಿ-ನೀಲಿ ಮಿಶಿಗನ್. ಹಸಿರು-ಬಿಳಿ ಮಿಶಿಗನ್ ಸ್ಟೇಟ್, ಈಸ್ಟ್ ಲ್ಯಾನ್ಸಿಂಗ್‌ನವರು. ಇವರಿಬ್ಬರೂ ಒಂದೇ ರಾಜ್ಯ, ಆದರೆ ಪಂದ್ಯದ ವಾರ ಮುಖ ನೋಡುವುದಿಲ್ಲ. ಹಸಿರಿನವನ ಹತ್ತಿರ ಹೋಗಿ "ಛೆ, ಮಿಶಿಗನ್ ಸೋತುಬಿಟ್ಟಿತಲ್ಲ" ಅಂತ ಮರುಗಿದರೆ ಅವನು ಹಲ್ಲು ಬಿಟ್ಟು ನಗುತ್ತಾನೆ. ನವೆಂಬರ್ ಕೊನೆಯ ವಾರ ಕೆಂಪು ಅಂಗಿ ಬೇಡ, ಅದು ಒಹಾಯೊದವರ ಬಣ್ಣ. "ಬರೀ ಆಟ ತಾನೇ" ಅನ್ನುವ ಮಾತಂತೂ ಬೇಡವೇ ಬೇಡ. ಭಾರತ-ಪಾಕಿಸ್ತಾನ ಪಂದ್ಯದ ಮಾರನೇ ದಿನ ನಿಮಗೆ ಯಾರಾದರೂ ಹಾಗಂದರೆ ಹೇಗಿರುತ್ತದೆ?

"ನಾವು" ಅನ್ನಲು ಅಲ್ಲೇ ಓದಿರಬೇಕಾಗಿಲ್ಲ. ಆ ಕಾಲೇಜಿನ ಮೆಟ್ಟಿಲು ಹತ್ತದ ಎಷ್ಟೋ ಜನ "ನಾವು ಸೋತೆವು" ಅನ್ನುತ್ತಾರೆ. ಮೊದಲ ವರ್ಷದಿಂದಲೇ ನೀವೂ ಅನ್ನಿ, ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ.

ಪಕ್ಕದ ಮನೆಯವರು ಪಂದ್ಯ ನೋಡಲು ಕರೆದರೆ ಹೋಗಿ. ಸುಮಾರು ಮೂರೂವರೆ ಗಂಟೆ ಹಿಡಿಯುತ್ತದೆ. ಅಲ್ಲಿ ಇರುವುದು ಹೆಚ್ಚಾಗಿ ಕೋಳಿಯ ರೆಕ್ಕೆ, ಮಾಂಸ ಹಾಕಿದ ಚಿಲ್ಲಿ. ಸಸ್ಯಾಹಾರಿಗಳಾದರೆ ಚಿಪ್ಸು, ಸಾಲ್ಸಾ ಮೇಲೆ ಮಧ್ಯಾಹ್ನ ಕಳೆಯಬೇಕು. ಒಂದು ಡಬ್ಬಿ ಕಾಂಗ್ರೆಸ್ ಕಡ್ಲೆಕಾಯಿ ತೆಗೆದುಕೊಂಡು ಹೋಗಿ. ಮೊದಲ ಕ್ವಾರ್ಟರ್ ಮುಗಿಯುವುದರೊಳಗೆ ಡಬ್ಬಿ ಖಾಲಿ. ಸೋಲುತ್ತಿರುವಾಗ ನಿಯಮ ಕೇಳಬೇಡಿ, ಜಾಹೀರಾತು ಬಂದಾಗ ಕೇಳಿ. ಬೇಕಾದಷ್ಟು ಬರುತ್ತವೆ.

ಇನ್ನು ಕಾರ್ಯಕ್ರಮಗಳ ವಿಷಯ. ರಾಜ್ಯೋತ್ಸವ, ದೀಪಾವಳಿ ಎರಡೂ ಇದೇ ಸೀಸನ್ನಿನಲ್ಲಿ ಬರುತ್ತವೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಊಟದ ಸಾಲಿನಲ್ಲಿ ಫೋನ್ ನೋಡುತ್ತಾ ನಿಂತಿದ್ದರೆ ಸ್ಕೋರ್ ನೋಡುತ್ತಿದ್ದಾರೆ ಅಂತಲೇ ತಿಳಿಯಿರಿ, ಬೈಯಬೇಡಿ. ಗೃಹಪ್ರವೇಶವನ್ನೋ ಮಗುವಿನ ಹುಟ್ಟುಹಬ್ಬವನ್ನೋ ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಶನಿವಾರ ಮಧ್ಯಾಹ್ನ ಇಟ್ಟುಕೊಂಡರೆ ಅಮೆರಿಕದ ಅತಿಥಿಗಳು ಬರುವುದಿಲ್ಲ, ಬಂದರೂ ಕಣ್ಣು ಟಿವಿ ಹುಡುಕುತ್ತಿರುತ್ತದೆ. ಅದು ಒಹಾಯೊ ಸ್ಟೇಟ್ ಪಂದ್ಯದ ದಿನ. ಬೆಸ ವರ್ಷಗಳಲ್ಲಿ ಆ್ಯನ್ ಆರ್ಬರ್‌ನಲ್ಲಿ, ಸಮ ವರ್ಷಗಳಲ್ಲಿ ಕೊಲಂಬಸ್‌ನಲ್ಲಿ. ಬೆಸ ವರ್ಷವಾದರೆ ಅವತ್ತು ಆ್ಯನ್ ಆರ್ಬರ್ ಕಡೆ ಕಾರು ತಿರುಗಿಸಲೇಬೇಡಿ. ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ ನಿಮ್ಮ ಭಾವನೋ ಷಡ್ಡಕನೋ ಇದ್ದರೆ, ಗೆದ್ದವರು ಯಾರೇ ಆಗಲಿ, ಮಂಗಳವಾರದವರೆಗೆ ಫೋನ್ ಮಾಡಬೇಡಿ.