ಬಿದ್ದ ಮರದ ಹಾವಸೆ, ನಿಂತ ಮರದ ಹಾವಸೆ: ಹೋಲಿಸಿ ನೋಡುವುದು ಹೇಗೆ?

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ರಜೆ ಸಿಕ್ಕರೆ ಹಾವಸೆ ನೋಡಲು ಕಾಡಿಗೆ ಹೊರಡುತ್ತೇನೆ. ಇಲ್ಲಿ ಸಿಗುವ ಈ ಎರಡು ಹಾವಸೆಗಳಿಗೆ ಯುರೋಪಿಯನ್ ಒಕ್ಕೂಟದ 1992ರ ಕಾನೂನಿನ ರಕ್ಷಣೆ ಇದೆ: ಬಕ್ಸ್‌ಬೌಮಿಯಾ ವಿರಿಡಿಸ್, ಡಿಕ್ರಾನಮ್ ವಿರಿಡೆ. ಇವನ್ನು ಹೋಲಿಸಬೇಕಾದರೆ ಮೊದಲು ಹಾವಸೆ ಹುಡುಕಬೇಡಿ, ಮರ ನೋಡಿ.

ಬಕ್ಸ್‌ಬೌಮಿಯಾಗೆ ಬಿದ್ದ ಮರ ಬೇಕು. ಸ್ಪ್ರೂಸ್ ಅಥವಾ ಫರ್‌ನಂಥ ಸೂಜಿ ಎಲೆಯ ಮರದ ದಿಮ್ಮಿ, ತೊಗಟೆ ಉದುರಿ, ಹೆಬ್ಬೆರಳು ಒತ್ತಿದರೆ ಒಳಗಿಳಿಯುವಷ್ಟು ಕೊಳೆತಿರಬೇಕು. ಹಳ್ಳದ ಪಕ್ಕದ ನೆರಳಾದರೆ ಒಳ್ಳೆಯದು. ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ ಹೋಗಿ. ಮೇಲಿಂದ ನೋಡಿದರೆ ಏನೂ ಕಾಣಿಸಲ್ಲ. ಮಂಡಿಯೂರಿ, ಕಣ್ಣನ್ನು ದಿಮ್ಮಿಯ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಎಲೆ ಹುಡುಕಬೇಡಿ, ಅವು ಬರಿಗಣ್ಣಿಗೆ ಸಿಗುವಂಥವಲ್ಲ. ಕಾಣುವುದು ಬೀಜಕಕೋಶ (ಹಾವಸೆ ಹರಡಲು ಬೇಕಾದ ಪುಡಿಯಂಥ ಬೀಜಕಗಳು ತುಂಬಿದ ಚೀಲ) ಮಾತ್ರ: ಒಂದು ಸೆಂಟಿಮೀಟರೂ ಇರದ ಒರಟು ಕಡ್ಡಿ, ಅದರ ತುದಿಯಲ್ಲಿ ಓರೆಯಾಗಿ ಕೂತ, ಗೋಧಿಕಾಳಿನಷ್ಟು ದಪ್ಪದ ಹಸಿರು ಉಬ್ಬು. ಬಲಿತಾಗ ಅದರ ಮೇಲಿನ ತೆಳು ಪೊರೆ ಸೀಳಿ ಹಿಂದಕ್ಕೆ ಸುರುಳಿಯಾಗುತ್ತದೆ. ಎಷ್ಟು ಚೆಂದ ಅಂತೀರಿ! ಬರೀ ಕಡ್ಡಿ ಉಳಿದಿದ್ದರೆ ಕೋಶವನ್ನು ಚಿಪ್ಪಿಲ್ಲದ ಬಸವನಹುಳು ತಿಂದಿರಬಹುದು. ಅದನ್ನೂ ಲೆಕ್ಕಕ್ಕೆ ಸೇರಿಸಿ. ಮಣ್ಣಿನ ಮೇಲೆ, ಕಂದು ಬಣ್ಣದಲ್ಲಿ ಹೊಳೆಯುವ ಕೋಶ ಕಂಡರೆ ಅದು ಇದರ ಸೋದರಿ ಬಕ್ಸ್‌ಬೌಮಿಯಾ ಅಫಿಲ್ಲಾ.

ಡಿಕ್ರಾನಮ್‌ದು ಬೇರೆಯೇ ಕಥೆ. ಅದು ಹೆಚ್ಚಾಗಿ ಜೀವಂತ ಬೀಚ್, ಹಾರ್ನ್‌ಬೀಮ್ ಮರಗಳ ಬುಡದ ತೊಗಟೆ ಮೇಲೆ ಕಡುಹಸಿರು ಮೆತ್ತೆಯಾಗಿ ಬೆಳೆಯುತ್ತದೆ. ಹತ್ತು ಪಟ್ಟಿನ ಲೆನ್ಸ್ ಹಿಡಿದು ಎಲೆಯ ತುದಿ ನೋಡಿ. ಎಲೆಗಳು ನೆಟ್ಟಗೆ, ಬಿರುಸಾಗಿ ನಿಂತಿರುತ್ತವೆ, ಬಹಳಷ್ಟರ ತುದಿ ಮುರಿದಿರುತ್ತದೆ. ಉದುರಿದ ಚೂರುಗಳಿಂದಲೇ ಇದರ ಸಂತಾನ, ಬೀಜಕಕೋಶ ಬಿಡುವುದು ತೀರಾ ಅಪರೂಪ. ಆದರೆ ತುದಿ ಮುರಿದಿದೆ ಅಂತ ಸುಮ್ನೆ ಹೆಸರು ಬರೆದುಬಿಡಬೇಡಿ. ಇದರ ಸೋದರಿ ಡಿಕ್ರಾನಮ್ ಟಾರಿಕಮ್ ಎಲೆಯೂ ಹೀಗೇ ಮುರಿಯುತ್ತದೆ. ಖಾತ್ರಿಗೆ ಸೂಕ್ಷ್ಮದರ್ಶಕ ಬೇಕು. ನೀವಾಗಿ ಕೀಳಬೇಡಿ, ಹತ್ತಿರದ ಫೋಟೊ ತೆಗೆದು ತಿಳಿದವರಿಗೆ ತೋರಿಸಿ.

ಟಿಪ್ಪಣಿ ಬರೆಯುವಾಗ ಎರಡಕ್ಕೂ ಒಂದೇ ಅಳತೆಗೋಲು ಬೇಡ. ಬಕ್ಸ್‌ಬೌಮಿಯಾದ ಬೀಜಕಗಳು ಗಾಳಿಯಲ್ಲಿ ಹೋಗುತ್ತವೆ. ಆದರೆ ಅದು ಕೂತ ದಿಮ್ಮಿ ಎಂದಾದರೂ ಪೂರ್ತಿ ಮಣ್ಣಾಗಲೇಬೇಕಲ್ವಾ? ಹಾಗಾಗಿ ಕೋಶಗಳ ಸಂಖ್ಯೆಯ ಜೊತೆಗೆ, ಮುಂದೆ ಕೊಳೆಯಲಿರುವ ದಿಮ್ಮಿಗಳು ಸುತ್ತ ಎಷ್ಟಿವೆ ಅಂತಲೂ ಬರೆಯಿರಿ. ಕಾಡು 'ಸ್ವಚ್ಛ' ಮಾಡಿ ಅವನ್ನೆಲ್ಲ ಸಾಗಿಸಿದರೆ ಇದಕ್ಕೆ ಜಾಗವೇ ಇಲ್ಲ. ಡಿಕ್ರಾನಮ್ ಚೂರುಗಳು ಹೆಚ್ಚು ದೂರ ಹೋಗುವುದಿಲ್ಲ. ಅದಕ್ಕೇ ಮೆತ್ತೆ ಇರುವ ಮರದ ಜಾತಿ, ಸುತ್ತಳತೆಯ ಜೊತೆಗೆ ಪಕ್ಕದ ಹಳೇ ಮರಗಳನ್ನೂ ಗುರುತು ಹಾಕಿಕೊಳ್ಳಿ. ಯಾವ ಮರಕ್ಕಾದರೂ ಕಡಿಯಲೆಂದು ಹಾಕುವ ಬಣ್ಣದ ಗುರುತು ಬಿದ್ದಿದ್ದರೆ ಅವತ್ತೇ ಅರಣ್ಯದವರಿಗೆ ತಿಳಿಸಿ.